ಕಂಪನಿ ಮುಚ್ಚಿದ ಮೇಲೆ ಓಡಿದ ಕಾರು

“ಗುರುಗಳೇ, ಕೊನೆಯವರೆಗೂ ಜೊತೆಗಿರುತ್ತೇವೆ ಎಂದವರು ನಡುದಾರಿಯಲ್ಲಿ ಕೈಬಿಟ್ಟರೆ, ಹಿಡಿದ ಕೆಲಸವನ್ನು ಮುಂದುವರಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಒಂದು ಕಥೆ ಹೇಳತೊಡಗಿದರು.

ದಾವಣಗೆರೆಯಲ್ಲಿ ಒಬ್ಬ ನರ್ಸ್ ಇದ್ದಳು. ಕೊಟ್ರಮ್ಮ ಎಂದು ಹೆಸರು. ಹದಿನೆಂಟು ವರ್ಷ ಒಂದು ಆಸ್ಪತ್ರೆಯಲ್ಲಿ ದುಡಿದಳು. ಒಂದು ಅಪಘಾತದಲ್ಲಿ ಬಲಗಾಲಿನ ಶಕ್ತಿ ಹೋಯಿತು. ದಿನವಿಡೀ ನಿಂತು ಮಾಡುವ ವಾರ್ಡಿನ ಕೆಲಸ ಆಗದಾಯಿತು. ಆರು ತಿಂಗಳು ಮನೆಯಲ್ಲಿ ಹಾಸಿಗೆಯ ಮೇಲೆ ಮಲಗಿದಳು. ಆ ಆರು ತಿಂಗಳಲ್ಲಿ ಆಕೆಗೆ ಒಂದು ವಿಷಯ ತಿಳಿಯಿತು. ಹಾಸಿಗೆ ಹಿಡಿದವರಿಗೆ ಆಸ್ಪತ್ರೆ ದೂರ. ಆಸ್ಪತ್ರೆಗೆ ಅವರು ಇನ್ನೂ ದೂರ.

ಊರುಗೋಲಿನ ಮೇಲೆ ನಿಲ್ಲುವಂತಾದ ಕೂಡಲೇ ಆಕೆ ಅಂಥವರ ಮನೆಗೆ ಹೋಗತೊಡಗಿದಳು. ಪರಿಚಯದ ಡಾಕ್ಟರೊಬ್ಬರು ಔಷಧಿ ಬರೆದುಕೊಡುತ್ತಿದ್ದರು. ಈಕೆ ಅದನ್ನು ಹಳ್ಳಿಗಳಿಗೆ ಒಯ್ಯುತ್ತಿದ್ದಳು. ಬೆನ್ನಿನ ಹುಣ್ಣು ತೊಳೆಯುವುದು, ಮೂತ್ರದ ನಳಿಗೆ ಬದಲಿಸುವುದು, ನೋವಿನ ಮಾತ್ರೆ ಲೆಕ್ಕವಾಗಿ ಕೊಡುವುದು, ರೋಗಿಯನ್ನು ಮಗ್ಗುಲು ತಿರುಗಿಸುವುದು ಹೇಗೆಂದು ಮನೆಯವರಿಗೆ ಕಲಿಸುವುದು, ಇದು ಆಕೆಯ ಕೆಲಸ. ಯಾರೂ ಗುಣವಾಗಿ ಎದ್ದು ಓಡಾಡುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಆದರೂ ಹೋಗುತ್ತಿದ್ದಳು.

ಹೋಗುವುದೇ ಕಷ್ಟವಾಗಿತ್ತು. ಬಸ್ಸಿನ ಮೆಟ್ಟಿಲು ಎತ್ತರ. ಆಟೋದವರು ದೂರದ ಹಳ್ಳಿಗೆ ಬರಲು ಒಪ್ಪುತ್ತಿರಲಿಲ್ಲ, ಬಂದರೂ ಕಾಯುತ್ತಿರಲಿಲ್ಲ. ಆ ಸಮಯಕ್ಕೆ ಒಂದು ಹೊಸ ಕಂಪನಿ ಚಿಕ್ಕದೊಂದು ವಿದ್ಯುತ್ ಕಾರು ಮಾಡಿತು. ಕಾಲಿನಿಂದ ಮಾಡುವ ಕೆಲಸವನ್ನೆಲ್ಲ ಅದರಲ್ಲಿ ಕೈಯಿಂದಲೇ ಮಾಡಬಹುದಿತ್ತು. ವೇಗ ಹೆಚ್ಚಿಸುವುದಕ್ಕೂ ಕೈ, ಬ್ರೇಕಿಗೂ ಕೈ. ಮೂವರು ಗೆಳೆಯರು ಸೇರಿ ಕಟ್ಟಿದ ಕಂಪನಿ ಅದು. ಎಂಟು ವರ್ಷ ನಿಮ್ಮ ಗಾಡಿಯ ಹೊಣೆ ನಮ್ಮದು ಎಂದು ಅವರು ಬರೆದುಕೊಟ್ಟರು. ಕೊಟ್ರಮ್ಮ ತನ್ನ ಉಳಿತಾಯವನ್ನೆಲ್ಲ ಹಾಕಿ ಕಾರು ಕೊಂಡಳು.

ಎರಡು ವರ್ಷ ಆ ಕಾರು ಚೆನ್ನಾಗಿ ಓಡಿತು. ಹದಿನಾಲ್ಕು ಹಳ್ಳಿ, ಮೂವತ್ತೊಂದು ರೋಗಿಗಳು. ಒಬ್ಬೊಬ್ಬರಿಗೆ ವಾರದಲ್ಲಿ ಒಂದು ದಿನ. ಮಂಗಳವಾರ ದಾದಾಪೀರನ ಸರದಿ. ಆತ ಮಂಡಕ್ಕಿ ಭಟ್ಟಿಯಲ್ಲಿ ದುಡಿದವನು. ಬಾಯಿಯ ಕ್ಯಾನ್ಸರ್ ಆಗಿ ಹೊಳೆಯಾಚೆಯ ತನ್ನ ಊರಿಗೆ ಮರಳಿದ್ದ. ಮಾತು ಹೋಗಿತ್ತು. ಕೊಟ್ರಮ್ಮ ಗಾಯ ತೊಳೆದು ಬಟ್ಟೆ ಬದಲಿಸಿದ ದಿನ ಆತನಿಗೆ ನಿದ್ದೆ ಬರುತ್ತಿತ್ತು. ಉಳಿದ ದಿನ ಬರುತ್ತಿರಲಿಲ್ಲ.

ಮೂರನೆಯ ವರ್ಷ ಕಂಪನಿ ಸೋತಿತು. ಮೊದಲು ಶೋರೂಮಿನ ಬೋರ್ಡು ಇಳಿಯಿತು. ಆಮೇಲೆ ಸಹಾಯವಾಣಿಗೆ ಉತ್ತರ ನಿಂತಿತು. ಆದರೂ ಕಾರು ಓಡುತ್ತಿತ್ತು. ಓಡುತ್ತಿರುವ ಕಾರಿನ ಬಗ್ಗೆ ಕೊಟ್ರಮ್ಮ ಯೋಚಿಸಲಿಲ್ಲ.

ಆದರೆ ಆ ಕಾರಿಗೆ ಕಣ್ಣಿಗೆ ಕಾಣದ ಒಂದು ಬೀಗವಿತ್ತು. ಕಳ್ಳರು ಒಯ್ಯಬಾರದೆಂದು ಹಾಕಿದ ಬೀಗ. ನಲವತ್ತು ದಿನಕ್ಕೊಮ್ಮೆ ಕಾರು ಕಂಪನಿಯ ಕಂಪ್ಯೂಟರನ್ನು ಕೇಳುತ್ತಿತ್ತು, ಓಡಲೇ ಎಂದು. ಆ ಕಡೆಯಿಂದ ಹೂಂ ಎಂದರೆ ಓಡುತ್ತಿತ್ತು. ಈಗ ಆ ಕಡೆ ಯಾರೂ ಇರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಕೊಟ್ರಮ್ಮ ಔಷಧಿಯ ಚೀಲ ಇಟ್ಟು, ಊರುಗೋಲು ಹಿಂದಿನ ಸೀಟಿಗೆ ಸರಿಸಿ, ಗುಂಡಿ ಒತ್ತಿದಳು. ಕಾರು ಕದಲಲಿಲ್ಲ. ಎದುರಿನ ಪರದೆಯ ಮೇಲೆ ಅಕ್ಷರಗಳು ಮೂಡಿದವು: ದಯವಿಟ್ಟು ಕಂಪನಿಯನ್ನು ಸಂಪರ್ಕಿಸಿ.

ಆಕೆ ಮತ್ತೆ ಒತ್ತಿದಳು. ಅದೇ ಅಕ್ಷರ. ಹತ್ತು ಸಲ ಒತ್ತಿದ ಮೇಲೆ ಇಳಿದು ಒಂದು ಆಟೋ ಹುಡುಕಿದಳು. ಆ ದಿನ ಐದು ಮನೆಗೆ ಹೋಗಬೇಕಿತ್ತು. ಎರಡು ಮನೆಗೆ ಹೋಗಲಾಯಿತು. ಹೊಳೆ ದಾಟಲು ಆಟೋದವನು ಒಪ್ಪಲಿಲ್ಲ.

ಆ ಕಾರು ಕೊಂಡವರು ರಾಜ್ಯದಲ್ಲಿ ಇಪ್ಪತ್ತಾರು ಜನ ಇದ್ದರು. ಅವರದೊಂದು ವಾಟ್ಸಾಪ್ ಗುಂಪಿತ್ತು. ಎಲ್ಲರ ಕಾರೂ ನಿಂತಿತ್ತು, ಕಾರಣ ಆ ಬೀಗವೆಂದು ಕೊಟ್ರಮ್ಮನಿಗೆ ಅಲ್ಲಿಯೇ ತಿಳಿಯಿತು. ಒಬ್ಬರು ಕಂಪನಿ ಕಟ್ಟಿದವರ ಮನೆಯ ವಿಳಾಸ ಹುಡುಕುತ್ತಿದ್ದರು. ಒಬ್ಬರು ಅವರ ಫೋಟೋ ಹಾಕಿ ಬೈಯುತ್ತಿದ್ದರು. ಒಬ್ಬರು ವಕೀಲರನ್ನು ಗೊತ್ತುಮಾಡೋಣ ಎನ್ನುತ್ತಿದ್ದರು. ಯಾರ ಮಾತೂ ತಪ್ಪಾಗಿರಲಿಲ್ಲ. ಕೊಟ್ರಮ್ಮ ಎರಡು ದಿನ ಎಲ್ಲವನ್ನೂ ಓದಿದಳು. ಮೂರನೆಯ ದಿನ ತಾನೂ ಒಂದು ಸಾಲು ಬರೆದಳು: ಈ ಬೀಗ ಮಾಡಿದವರು ಯಾರೆಂದು ಯಾರಿಗಾದರೂ ಗೊತ್ತಿದೆಯೇ?

ಸಂಜೆಯವರೆಗೆ ಉತ್ತರ ಬರಲಿಲ್ಲ. ಆಮೇಲೆ ಗದಗಿನ ಒಬ್ಬ ಮೇಷ್ಟ್ರು ಬರೆದರು. ಮೊದಲ ತಿಂಗಳು ತಮ್ಮ ಕಾರು ನೋಡಲು ಕಂಪನಿಯ ಎಂಜಿನಿಯರ್ ಒಬ್ಬ ಬಂದಿದ್ದ. ತಿಪ್ಪೇಸ್ವಾಮಿ ಎಂದು ಹೆಸರು. ಬೀಗದ ಕೆಲಸ ತನ್ನದೇ ಎಂದು ಹೆಮ್ಮೆಯಿಂದ ಹೇಳಿದ್ದ. ಈಗ ಚಿತ್ರದುರ್ಗದಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನಂತೆ.

ಕೊಟ್ರಮ್ಮ ಎರಡು ಕೆಲಸ ಮಾಡಿದಳು. ಕಂಪನಿಯ ವ್ಯವಹಾರ ಮುಗಿಸಲು ಕೋರ್ಟು ನೇಮಿಸಿದ್ದ ಅಧಿಕಾರಿಗೆ ಕಾಗದ ಬರೆದು, ಬೀಗ ತೆಗೆಸಬಹುದೇ ಎಂದು ಕೇಳಿದಳು. ಎರಡು ಸಲ ಉತ್ತರ ಬರಲಿಲ್ಲ. ಮೂರನೆಯ ಕಾಗದಕ್ಕೆ ಬಂತು: ಕಾರು ನಿಮ್ಮದು, ರಿಪೇರಿಯೂ ನಿಮ್ಮದೇ. ಆ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು. ಕಂಡಕ್ಟರು ಕೈಹಿಡಿದು ಹತ್ತಿಸಿದ.

ತಿಪ್ಪೇಸ್ವಾಮಿಯ ಅಂಗಡಿ ಚಿಕ್ಕದು. ಬಿಚ್ಚಿದ ಮೋಟಾರುಗಳ ನಡುವೆ ಆತ ತಾಮ್ರದ ತಂತಿ ಸುತ್ತುತ್ತ ಕುಳಿತಿದ್ದ. ಆಕೆ ಬಂದ ಕಾರಣ ಹೇಳಿದಳು. ಕಾರಿನ ಹೆಸರು ಕಿವಿಗೆ ಬಿದ್ದದ್ದೇ ಆತನ ಮುಖ ಕೆಂಪಾಯಿತು.

“ಮೇಡಂ, ನನಗೂ ಆ ಕಂಪನಿಗೂ ಸಂಬಂಧ ಇಲ್ಲ. ನಾಲ್ಕು ವರ್ಷ ಹಗಲು ರಾತ್ರಿ ಅನ್ನದೆ ದುಡಿದೆ. ಒಂದು ದಿನ ಬೆಳಿಗ್ಗೆ ಹೋದರೆ ಗೇಟಿಗೆ ಬೀಗ. ನನಗೂ ಯಾರೂ ಒಂದು ಮಾತು ಹೇಳಲಿಲ್ಲ.”

“ನಾನು ಕಂಪನಿ ಹುಡುಕ್ಕೊಂಡು ಬಂದಿಲ್ಲಪ್ಪ,” ಎಂದಳು ಕೊಟ್ರಮ್ಮ. “ನಿಮ್ಮನ್ನ ಹುಡುಕ್ಕೊಂಡು ಬಂದೆ.”

“ಆ ಗಾಡಿ ಮತ್ತೆ ಮುಟ್ಟಲ್ಲ ಅಂತ ತೀರ್ಮಾನ ಮಾಡಿದೀನಿ. ದಯವಿಟ್ಟು ಹೊರಡಿ.”

ಆಕೆ ಹೊರಡಲಿಲ್ಲ. ದಾವಣಗೆರೆಗೆ ಬಸ್ಸು ಇನ್ನೂ ಒಂದು ತಾಸಿಗೆ ಇತ್ತು. ಅಂಗಡಿಯ ಬೆಂಚಿನ ತುದಿಯಲ್ಲಿ ಕಾಲು ಚಾಚಿ ಕುಳಿತಳು. ಆತ ತಂತಿ ಸುತ್ತುತ್ತಲೇ ಇದ್ದ.

ಆಗ ಆಕೆಯ ಫೋನು ಬಡಿದುಕೊಂಡಿತು. ದಾದಾಪೀರನ ಹೆಂಡತಿ ಶಾಹಿದಾಬಿ. ಕೊಟ್ರಮ್ಮ ಮಾತಾಡಿದ್ದು ತಿಪ್ಪೇಸ್ವಾಮಿಗೆ ಕೇಳಿಸಿತು.

“ಹತ್ತಿ ಮೊದಲು ನೆನೆಸಮ್ಮ. ಎಳೀಬೇಡ. ಅಂಟಿಕೊಂಡಿದ್ರೆ ಹಾಗೇ ಬಿಡು, ನೀರು ಬಿಡ್ತಾ ಇರು. ಅದಾಗೇ ಬಿಡುತ್ತೆ. ನಿನ್ನ ಕೈ ನಡುಗ್ತಿದ್ರೆ ಸ್ವಲ್ಪ ಹೊತ್ತು ಕೂತ್ಕೋ, ಅವಸರ ಇಲ್ಲ. ಹೂಂ, ನಾನು ಲೈನಲ್ಲೇ ಇದೀನಿ. ಈಗ ಇನ್ನೊಂದು ಕಡೆ.” ಆಮೇಲೆ ಬಹಳ ಹೊತ್ತು ಆಕೆ ಬರೀ ಹೂಂಗುಟ್ಟಿದಳು. ಕೊನೆಗೆ ಹೇಳಿದಳು: “ಬರ್ತೀನಿ ಶಾಹಿದಾ. ಯಾವತ್ತು ಅಂತ ಹೇಳೋಕೆ ಆಗ್ತಿಲ್ಲ. ಆದ್ರೆ ಬರ್ತೀನಿ.”

ಫೋನು ಇಟ್ಟಾಗ ತಂತಿ ಸುತ್ತುವ ಸದ್ದು ನಿಂತಿತ್ತು.

“ಭಾನುವಾರ ಬರ್ತೀನಿ,” ಎಂದ ತಿಪ್ಪೇಸ್ವಾಮಿ. “ಆಗುತ್ತೆ ಅಂತ ಮಾತ್ರ ಹೇಳಲ್ಲ.”

ಆತ ಭಾನುವಾರ ಬಂದ. ಮುಂದಿನ ಭಾನುವಾರವೂ ಬಂದ. ಬೀಗ ಹಾಕುವಾಗ ಅದನ್ನು ಯಾರೂ ತೆಗೆಯಲಾಗದಂತೆ ಆತನೇ ಮಾಡಿದ್ದ. ಈಗ ತನ್ನ ಜಾಣತನದ ಜೊತೆ ತಾನೇ ಗುದ್ದಾಡಬೇಕಾಯಿತು. ಮೂರನೆಯ ಭಾನುವಾರ ಬೀಗ ಬಿಟ್ಟಿತು ಎನ್ನಿಸಿದ ಹೊತ್ತಿಗೆ ಒಳಗೆ ಏನೋ ಸುಟ್ಟ ವಾಸನೆ ಬಂತು. ಪರದೆ ಆರಿತು. ಕಾರಿನ ಮುಖ್ಯ ಬೋರ್ಡು ಸುಟ್ಟುಹೋಗಿತ್ತು. ಅಂಥ ಬೋರ್ಡು ಮಾಡುವವರು ಈಗ ಯಾರೂ ಇರಲಿಲ್ಲ.

ತಿಪ್ಪೇಸ್ವಾಮಿ ನೆಲದ ಮೇಲೆ ಕುಳಿತ. “ನಿಂತಿದ್ದ ಗಾಡಿನ ಕೊಂದೇಬಿಟ್ಟೆ,” ಎಂದ. ಚಹಾ ಕೊಟ್ಟರೂ ಕುಡಿಯಲಿಲ್ಲ. ಉಪಕರಣಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ತುಂಬಿದ. ಮುಂದಿನ ಭಾನುವಾರದ ಮಾತು ಆಡದೆ ಹೋದ.

ಆ ಶುಕ್ರವಾರ ದಾದಾಪೀರ ತೀರಿಕೊಂಡ.

ಕೊಟ್ರಮ್ಮ ಎರಡು ಆಟೋ ಬದಲಿಸಿ, ಸೇತುವೆಯಿಂದಾಚೆ ಟ್ರ್ಯಾಕ್ಟರಿನಲ್ಲಿ ಕುಳಿತು ಹೋದಳು. ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಗಂಡಸರು ಮರಳಿ ಬರುತ್ತಿದ್ದರು. ಶಾಹಿದಾಬಿ ಆಕೆಯನ್ನು ಕಂಡು ಎದ್ದು ಬಂದಳು. ಬೈಯಲಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡಳು.

“ನಿಮ್ಮ ಗಾಡಿ ಬಂದ್ರೆ ಸದ್ದೇ ಆಗ್ತಿರಲಿಲ್ಲವಲ್ಲ ಸಿಸ್ಟರ್,” ಎಂದಳು. “ಬಂದಿದ್ದು ಗೊತ್ತಾಗಲ್ಲ ಅಂತ ಇವರು ಮಂಗಳವಾರ ಪೂರ್ತಿ ಬಾಗಿಲ ಕಡೇನೇ ನೋಡ್ತಾ ಮಲಗ್ತಿದ್ರು.”

ಕೊಟ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾಹಿದಾಬಿಯೇ ಆಕೆಯ ಬೆನ್ನು ಸವರಿದಳು.

ಹೊರಟವಳು ಮನೆ ಮುಟ್ಟುವವರೆಗೂ ಕಾಯಲಿಲ್ಲ. ಸೇತುವೆಯ ಬಳಿ ಆಟೋಗಾಗಿ ನಿಂತಲ್ಲಿಂದಲೇ ಗದಗಿನ ಮೇಷ್ಟ್ರಿಗೆ ಫೋನು ಮಾಡಿದಳು. ಅವರು ತಮ್ಮ ಕಾರನ್ನು ಗುಜರಿಗೆ ಹಾಕುವವರಿದ್ದಾರೆಂದು ಆಕೆ ಗುಂಪಿನಲ್ಲಿ ಓದಿದ್ದಳು.

“ಸರ್, ಗುಜರಿಯವನು ಬರೋಕೆ ಮುಂಚೆ ಅದರ ಬೋರ್ಡು ನನಗೆ ಕೊಡ್ತೀರಾ?”

ಮೇಷ್ಟ್ರು ಕೂಡಲೇ ಒಪ್ಪಲಿಲ್ಲ. ಎಂದಾದರೊಂದು ದಿನ ತಮ್ಮ ಕಾರೂ ಓಡೀತೆಂಬ ಆಸೆ ಅವರಲ್ಲಿ ಇನ್ನೂ ಉಳಿದಿತ್ತೇನೋ. ಕಾರಣ ಕೇಳಿದರು. ಆಕೆ ದಾದಾಪೀರನ ಮನೆಯ ವಿಷಯ ಹೇಳಿದಳು. ಆಗ ಅವರೆಂದರು: “ಬರೀ ಬೋರ್ಡು ಯಾಕಮ್ಮ, ಪೂರ್ತಿ ಗಾಡೀನೇ ತಗೊಂಡು ಹೋಗು. ಬಿಚ್ಚಿ ಯಾರ್ಯಾರಿಗೆ ಬೇಕೋ ಕೊಡು.”

ಆಮೇಲೆ ತಿಪ್ಪೇಸ್ವಾಮಿಗೆ ಫೋನು ಮಾಡಿದಳು. ಆತ ಮೊದಲು ಎತ್ತಲಿಲ್ಲ. ಎರಡನೆಯ ಸಲ ಎತ್ತಿದ.

“ಆ ಪೇಷಂಟು ಹೋದ್ರು,” ಎಂದಳು ಕೊಟ್ರಮ್ಮ. “ಇನ್ನೂ ಮೂವತ್ತು ಜನ ಇದಾರೆ. ಬೋರ್ಡು ಸಿಕ್ಕಿದೆ. ಭಾನುವಾರ ಬನ್ನಿ.”

“ಇದೂ ಸುಟ್ಟುಹೋದ್ರೆ?”

“ಸುಟ್ಟ ಮೇಲೆ ನೋಡೋಣ. ಬನ್ನಿ.”

ಆತ ಬಂದ. ಈ ಸಲ ಆರು ಭಾನುವಾರ ಹಿಡಿಯಿತು. ಬೀಗವನ್ನು ಮುರಿಯುವುದು ಬಿಟ್ಟು, ಅದು ಕುಳಿತ ಭಾಗವನ್ನೇ ಬದಿಗಿಟ್ಟು, ಮೋಟಾರಿಗೂ ಬ್ಯಾಟರಿಗೂ ಬೇರೆ ದಾರಿ ಮಾಡಿದ. ಆರನೆಯ ಭಾನುವಾರ ಮಧ್ಯಾಹ್ನ ಕೊಟ್ರಮ್ಮ ಗುಂಡಿ ಒತ್ತಿದಳು. ಕಾರು ಒಂದು ಮೊಳ ಮುಂದೆ ಹೋಯಿತು. ತಿಪ್ಪೇಸ್ವಾಮಿ ಮುಖ ತಿರುಗಿಸಿ ಗೋಡೆಯ ಕಡೆ ನಿಂತ. ಆತ ಅಳುತ್ತಿದ್ದಾನೆಂದು ತಿಳಿದು ಆಕೆ ಕರೆಯಲಿಲ್ಲ.

ಎಲ್ಲವೂ ಮೊದಲಿನಂತೆ ಆಗಲಿಲ್ಲ. ಪರದೆ ಮತ್ತೆ ಬೆಳಗಲಿಲ್ಲ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುತ್ತಿರಲಿಲ್ಲ. ಕೊಟ್ರಮ್ಮ ಹಳ್ಳಿಯಿಂದ ಹಳ್ಳಿಗೆ ಎಷ್ಟು ದೂರ ಎಂದು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಎರಡು ಸಲ ದಾರಿಯಲ್ಲೇ ನಿಂತಳು. ಒಮ್ಮೆ ಒಂದು ಹಿಟ್ಟಿನ ಗಿರಣಿಯವರು ಪ್ಲಗ್ಗು ಕೊಟ್ಟರು. ಚಾರ್ಜ್ ಆಗುವವರೆಗೆ ಗಿರಣಿಗೆ ಬಂದ ಹೆಂಗಸರ ಬಿ.ಪಿ. ನೋಡುತ್ತ ಕುಳಿತಳು. ದೂರದ ಮೂರು ಹಳ್ಳಿಗಳನ್ನು ಮುಟ್ಟಲು ಬ್ಯಾಟರಿಗೆ ಬಲ ಸಾಲದಾಯಿತು. ಆ ಊರುಗಳಲ್ಲಿ ಒಬ್ಬೊಬ್ಬ ಹೆಂಗಸಿಗೆ ಕೆಲಸ ಕಲಿಸಿದಳು. ಕಲಿಯಲು ಮೊದಲು ಬಂದವಳು ಶಾಹಿದಾಬಿ. ಗಂಡನ ಗಾಯ ತೊಳೆದು ಆಕೆಯ ಕೈ ಆಗಲೇ ಪಳಗಿತ್ತು.

ತಿಪ್ಪೇಸ್ವಾಮಿ ತಾನು ಮಾಡಿದ್ದನ್ನೆಲ್ಲ ಚಿತ್ರ ಬರೆದು ಗುಂಪಿನಲ್ಲಿ ಹಾಕಿದ. ಬೈಗುಳ ನಿಲ್ಲಲಿಲ್ಲ, ಆದರೆ ಕಡಿಮೆಯಾಯಿತು. ಯಾರ ಕಾರಿನ ಯಾವ ಭಾಗ ಯಾರಿಗೆ ಬೇಕು ಎಂಬ ಮಾತು ಹೆಚ್ಚಿತು. ಇಪ್ಪತ್ತಾರರಲ್ಲಿ ಹನ್ನೊಂದು ಕಾರು ಎದ್ದವು. ಉಳಿದವು ಏಳಲಿಲ್ಲ, ಅವುಗಳ ಭಾಗಗಳು ಈ ಹನ್ನೊಂದರಲ್ಲಿ ಓಡುತ್ತಿವೆ. ಮೇಷ್ಟ್ರ ಕಾರಿನ ಬೋರ್ಡು ಇಂದಿಗೂ ಕೊಟ್ರಮ್ಮನ ಕಾರಿನಲ್ಲಿದೆ. ಇದೆಲ್ಲ ನಡೆದು ನಾಲ್ಕು ವರ್ಷವಾಯಿತು. ಇವತ್ತು ಬೆಳಿಗ್ಗೆಯೂ ಆಕೆ ಹೊರಟಿರುತ್ತಾಳೆ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ಇನ್ನೂ ಸಿಟ್ಟಿತ್ತು. “ಅಷ್ಟು ಜನರನ್ನು ನಂಬಿಸಿ ಕೈಬಿಟ್ಟರಲ್ಲ, ಆ ಕಂಪನಿಯ ಮೂವರು ಗೆಳೆಯರು,” ಎಂದು ಕೇಳಿದ, “ಅವರು ಏನಾದರು ಗುರುಗಳೇ? ಅವರಿಗೆ ಶಿಕ್ಷೆಯಾಯಿತೇ?”

“ನನಗೆ ಗೊತ್ತಿಲ್ಲ, ಅದನ್ನು ವಿಚಾರಿಸಲು ಕೊಟ್ರಮ್ಮನಿಗೆ ಪುರುಸೊತ್ತಾಗಲಿಲ್ಲ.”