ಹಿಂದಿನ ದೋಣಿಯ ಬೆನ್ನುಗಳು

ನೀರುನಾಯಿಗಳ ವಿಶ್ವವಿದ್ಯಾಲಯಕ್ಕೂ ಬಾತುಗಳ ವಿಶ್ವವಿದ್ಯಾಲಯಕ್ಕೂ ವರ್ಷಕ್ಕೊಮ್ಮೆ ದೋಣಿ ಪಂದ್ಯ ನಡೆಯುತ್ತಿತ್ತು. ಮೊದಲ ಒಂಬತ್ತು ವರ್ಷವೂ ನೀರುನಾಯಿಗಳೇ ಗೆದ್ದವು. ಗೆದ್ದರೂ ಒಂದು ಕೇಕೆಯಿಲ್ಲ. ದೋಣಿ ಒರೆಸಿಟ್ಟು ಸುಮ್ಮನೆ ಹೊರಡುತ್ತಿದ್ದವು. "ಎಷ್ಟು ಸೊಕ್ಕು ನೋಡಿ, ನಮ್ಮನ್ನು ಸೋಲಿಸಿದ್ದು ಇವರಿಗೆ ಲೆಕ್ಕಕ್ಕೇ ಇಲ್ಲ" ಎಂದು ಬಾತುಗಳು ಕುದಿಯುತ್ತಿದ್ದವು.

ಹತ್ತನೆಯ ವರ್ಷ ಬಾತುಗಳು ಗೆದ್ದರೆ ಬಾರಿಸಲೆಂದು ದೋಣಿಯಲ್ಲಿ ತಮಟೆ ಇಟ್ಟುಕೊಂಡೇ ಬಂದವು. ಅರ್ಧ ದಾರಿಗೆ ಮುಂದೆಯೂ ಆದವು. ಹುಟ್ಟು ಹಾಕುವವರೆಲ್ಲ ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ಹಾಗಾಗಿ ಹಿಂದೆ ಬರುವವರ ಬೆನ್ನು ಮುಂದಿರುವವರಿಗೆ ಕಾಣುತ್ತದೆ. ಹಿಂದಿರುವವರಿಗೆ ಕಾಣುವುದು ಬರೀ ನೀರು. ಬಾತುಗಳ ನಾಯಕಿ ಮೊದಲ ಸಲ ನೀರುನಾಯಿಗಳ ಬೆನ್ನು ಕಂಡಳು. ಒಂದೊಂದೂ ದಣಿದು ನಡುಗುತ್ತಿತ್ತು, ಆದರೆ ಒಂದೂ ನಿಲ್ಲಲಿಲ್ಲ.

ಗೆದ್ದು ದಡ ಸೇರಿದ ಮೇಲೆ ಅವಳು ನೀರುನಾಯಿಗಳ ನಾಯಕನನ್ನು ಕೇಳಿದಳು: "ಒಂಬತ್ತು ವರ್ಷ ನಿಮಗೆ ಕಂಡದ್ದು ನಮ್ಮ ಬೆನ್ನೇ?"

"ಹೌದು," ಎಂದ ಅವನು. "ನಿಮ್ಮ ದೋಣಿಯ ತುದಿಯಲ್ಲಿ ಕೂರುವ ಆ ಪುಟ್ಟ ಬಾತು ಪ್ರತಿ ಸಲ ರೆಕ್ಕೆ ಸೋತರೂ ಕೊನೆಯವರೆಗೆ ಹುಟ್ಟು ಹಾಕುತ್ತಿದ್ದಳು. ಅದನ್ನು ನೋಡಿಕೊಂಡು ಬಂದ ಮೇಲೆ ಕುಣಿಯಲು ನಮಗೆ ಕಾಲೇಳುತ್ತಿರಲಿಲ್ಲ."

ಆ ಸಂಜೆ ಬಾತುಗಳು ಎರಡೂ ದೋಣಿಗಳನ್ನು ಒರೆಸಿಟ್ಟವು. ತಮಟೆಗೆ ಯಾರೂ ಕೈ ಹಾಕಲಿಲ್ಲ.