ಗೋಡೆಯಾಚೆಯ ಮಗಳು

"ಸ್ವಾಮಿ, ಶಿಲುಬೆ ಯುದ್ಧಕ್ಕೆ ಲೂಟಿಯ ಆಸೆಯಿಂದ ಹೋದವರು ಕೊಂದರು, ಅದು ಅರ್ಥವಾಗುತ್ತದೆ. ಭಕ್ತಿಯಿಂದಲೇ ಹೋದವರೂ ಇದ್ದರಲ್ಲ, ಅವರೇಕೆ ಕೊಂದರು?" ಎಂದು ಜೋಜಪ್ಪ ಕೇಳಿದ. ಅವನು ಪಾದ್ರಿಯಾಗಲು ಓದುತ್ತಿದ್ದ.

ಅವನ ಗುರು ಚೌರಪ್ಪ ಸ್ವಾಮಿಗಳು ನಕ್ಕರು. "ಲೂಟಿಗೆ ಹೋದವನ ಹೊಟ್ಟೆ ಒಂದಲ್ಲ ಒಂದು ದಿನ ತುಂಬುತ್ತದೆ ಕಣೋ. ಹಂಬಲ ಹೊತ್ತು ಹೋದವನದು ತುಂಬುವುದಿಲ್ಲ. ಕೇಳು."

ಪಡುವಣದ ಫ್ರಾಂಕರ ನಾಡಿನಲ್ಲಿ ಕಲ್ಲುಗೋಡೆ ಕಟ್ಟುವವನೊಬ್ಬನಿದ್ದ. ಮದುವೆಯಾಗಿ ಬಹುಕಾಲದ ಮೇಲೆ ಅವನಿಗೊಂದು ಹೆಣ್ಣುಮಗು ಹುಟ್ಟಿತು. ಪಾದ್ರಿ ಬಂದು ತಲೆಗೆ ನೀರೆರೆದು ಜ್ಞಾನಸ್ನಾನ ಕೊಡುವ ಮೊದಲೇ ತೀರಿಕೊಂಡಿತು. ಅಂಥ ಮಗುವಿಗೆ ಚರ್ಚಿನ ಪವಿತ್ರ ನೆಲದಲ್ಲಿ ಜಾಗವಿಲ್ಲ ಎಂಬುದು ಆಗಿನ ಕಟ್ಟಳೆ. ಸ್ಮಶಾನದ ಗೋಡೆಯ ಆಚೆ, ದನ ಮೇಯುವ ಕಡೆ ಹೂತರು. ಆ ಗೋಡೆ ಕಟ್ಟಿದವನು ಅವನೇ. ಅಯ್ಯೋ, ಅದೇನು ಕೋಟೆಯೇ? ಮೊಣಕಾಲೆತ್ತರ, ಗಾರೆಯೂ ಇಲ್ಲ.

ಕೆಲಸ ಮುಗಿಸಿ ಬರುವಾಗೆಲ್ಲ ಅಲ್ಲಿ ನಿಲ್ಲುತ್ತಿದ್ದ. ಗೋಡೆಯ ಒಳಗೆ ಅವನ ತಾಯಿ ಮಲಗಿದ್ದಳು, ಹೊರಗೆ ಮಗಳು. ಅಜ್ಜಿ ಕೈಚಾಚಿದರೆ ಮೊಮ್ಮಗಳು ಸಿಗುವಷ್ಟು ಹತ್ತಿರ. ಆದರೂ ಮಗಳು ಹೊರಗಿನವಳು. ಅವಳನ್ನು ಒಮ್ಮೆ ಒಳಗೆ ಕಂಡರೆ ಸಾಕು ಎಂದು ಅವನ ಜೀವ ಹಾತೊರೆಯುತ್ತಿತ್ತು.

ಆಗ ಯುದ್ಧಕ್ಕೆ ಜನ ಕೂಡಿಸುತ್ತ ಒಬ್ಬ ಬೋಧಕ ಬಂದ. ಪವಿತ್ರ ನಗರ ಜೆರುಸಲೇಮನ್ನು ಅನ್ಯಮತದವರ ಕೈಯಿಂದ ಬಿಡಿಸಿದವರ ಪಾಪವೆಲ್ಲ ಪರಿಹಾರ ಎಂದು ಸಾರಿದ. ಎಲ್ಲರೂ ತಂತಮ್ಮ ಪಾಪ ನೆನೆದರು. ಇವನು, "ನನ್ನದು ಹಾಗಿರಲಿ ಸ್ವಾಮಿ, ನನ್ನ ಮಗಳಿಗೇನು ದಾರಿ?" ಎಂದ.

"ಆ ನಗರದ ಒಂದು ಹಿಡಿ ಮಣ್ಣು ತಂದು ಅವಳ ಮೇಲೆ ಹಾಕು. ಅವಳು ಮಲಗಿದ್ದೇ ಪವಿತ್ರ ನೆಲವಾಗುತ್ತದೆ."

ಅಂಗಿಯ ಹೆಗಲಿಗೆ ಬಟ್ಟೆಯ ಶಿಲುಬೆ ಹೊಲಿಸಿಕೊಂಡು ಹೊರಟ. ಹಸಿವು, ಜ್ವರ, ಬಾಯಾರಿಕೆ. ಜೊತೆಗಾರರು ದಾರಿಯಲ್ಲೇ ಸತ್ತರು. ಇವನು ಸಾಯಲಿಲ್ಲ. ಸತ್ತರೆ ಮಣ್ಣು ತರುವವರು ಯಾರು?

ಜೆರುಸಲೇಮಿನ ಮುಂದೆ ಸೈನ್ಯ ದಿಕ್ಕು ತೋಚದೆ ನಿಂತಿತು. ಇವನು ಗೋಡೆಯ ಬುಡ ತಡವಿ, ಯಾವ ಕಲ್ಲು ಕಿತ್ತರೆ ಬೀಳುತ್ತದೆ ಎಂದು ತೋರಿಸಿದ. ಹೊರಗೋಡೆಯ ಒಂದು ಮೂಲೆ ಕುಸಿಯಿತು. ನಗರ ಬಿದ್ದಾಗ ಉಳಿದವರು ಚಿನ್ನಕ್ಕೆ ಓಡಿದರು, ಇವನು ಮಣ್ಣಿಗೆ ಓಡಿದ. ಬೀದಿಗಳೆಲ್ಲ ಕಲ್ಲುಹಾಸು. ಕೊನೆಗೆ ಒಂದು ಹಿತ್ತಲಲ್ಲಿ ಹಸಿಮಣ್ಣು ಕಂಡಿತು. ಒಬ್ಬ ಗಂಡಸು ಅದಕ್ಕೆ ಅಡ್ಡ ನಿಂತು, ಬರಿಗೈ ಚಾಚಿ ಏನೋ ಬೇಡಿಕೊಂಡ. ಭಾಷೆ ತಿಳಿಯಲಿಲ್ಲ. ಇಷ್ಟು ದೂರ ಬಂದು ಒಂದು ಹಿಡಿ ಮಣ್ಣಿಗೆ ತಡೆಯೇ? ಕೊಡಲಿ ಬೀಸಿದ.

ಮಣ್ಣು ಬಾಚಿ ಗಂಟು ಕಟ್ಟಿದ ಮೇಲೆ ನೋಡಿದ. ಅದು ಹೊಸ ಗುಡ್ಡೆ, ಒಂದು ಮೊಳದಷ್ಟೇ ಉದ್ದ. ಅಂಥ ಗುಡ್ಡೆಯನ್ನು ಅವನು ಚೆನ್ನಾಗಿ ಬಲ್ಲ.

ವರ್ಷಗಳ ಮೇಲೆ ಊರು ಸೇರಿದ. ಮನೆಗೂ ಹೋಗದೆ ನೇರ ಸ್ಮಶಾನಕ್ಕೆ ಬಂದ. ಮಗಳ ಗುಡ್ಡೆ ಗೋಡೆಯ ಒಳಗಿತ್ತು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು.

"ಇವಳನ್ನು ಯಾರು ಒಳಗೆ ತಂದರು?"

"ಅವಳನ್ನು ಯಾರೂ ಕದಲಿಸಲಿಲ್ಲ. ನೀವು ಹೋದ ಮೇಲೆ ನಾನೇ ಗೋಡೆಯ ಒಂದೊಂದು ಕಲ್ಲು ಅವಳ ಆಚೆಗೆ ಸರಿಸುತ್ತ ಬಂದೆ. ಪಾದ್ರಿ ಕಂಡೂ ಕಾಣದ ಹಾಗೆ ಇದ್ದುಬಿಟ್ಟರು," ಎಂದು ಅವಳು ಅತ್ತಳು. "ಜೀವಂತ ಬಂದಿರಲ್ಲ, ಅಷ್ಟು ಸಾಕು. ಆ ಗಂಟಿನಲ್ಲಿ ಏನು?"



ಚೌರಪ್ಪ ಸ್ವಾಮಿಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಜೋಜಪ್ಪ, "ಆ ಮಣ್ಣನ್ನು ಕೊನೆಗೆ ಎಲ್ಲಿ ಹಾಕಿದ ಸ್ವಾಮಿ?" ಎಂದ.

"ಅದು ಇನ್ನೊಬ್ಬ ತಂದೆಯ ಮಗುವಿಗೆ ಹೊದಿಸಿದ್ದ ಮಣ್ಣು, ಹಾಕುವ ಜಾಗ ಗೊತ್ತಿದ್ದರೆ ನೀನೇ ಹೇಳು."