ಬೀರವ್ವ ಹರಿಗೋಲು ಕಲಿತದ್ದು

ಹತ್ತಿರ ಬನ್ನಿ ಮಕ್ಕಳೇ, ಕೇಳಿ. ತುಂಬುಹೊಳೆ ಅಂತ ಒಂದು ರಾಜ್ಯ. ಅಲ್ಲಿ ಗುಡ್ಡದ ಮೇಲೆ ಕುರಿ ಕಾಯುವ ಬೀರವ್ವ ಅನ್ನೋಳು ಇದ್ದಳು. ಹೊಳೆಗೆ ಕಾಲಿಟ್ಟವಳೇ ಅಲ್ಲ.

ಒಂದು ವರ್ಷ ಸೇತುವೆ ಕೊಚ್ಚಿಹೋಯ್ತು. ರಾಜ ಡಂಗುರ ಹೊಡೆಸಿದ: "ಮನೆಗೊಬ್ಬರು ಹರಿಗೋಲು ನಡೆಸೋದು ಕಲೀಬೇಕು. ಮೂರು ಸಲಕ್ಕೂ ಬಾರದಿದ್ದರೆ ಊರು ಬಿಡಬೇಕು!"

ಕಲಿಸೋ ಗುರು ಮೀಸೆ ತಿಪ್ಪಯ್ಯ. ಎಲ್ಲರಿಗೂ ಅವನದು ಒಂದೇ ಪಾಠ. ಹರಿಗೋಲಿಗೆ ಹತ್ತಿಸೋದು, ನಡುನೀರಿಗೆ ನೂಕೋದು, "ನೀನೇ ಕಲಿತ್ಕೋ" ಅನ್ನೋದು.

ಅಂಬಿಗರ ಕೆಂಚಿ ನೀರಲ್ಲೇ ಬೆಳೆದವಳು. ಎರಡು ಸುತ್ತು ತಿರುಗಿದಳು, ಹುಟ್ಟಿನ ಹದ ಹಿಡಿದಳು, ಆಚೆ ದಡ ಸೇರಿದಳು.

ಆಮೇಲೆ ಬೀರವ್ವನ ಸರದಿ. ಮೊದಲ ಸಲ ಹರಿಗೋಲು ಬೀಸೋಕಲ್ಲಿನ ಹಾಗೆ ಗಿರಗಿರ ಸುತ್ತಿತು. ಎರಡನೇ ಸಲ ಹುಟ್ಟು ಕೈಬಿಟ್ಟು ತೇಲಿಹೋಯ್ತು. ಮೂರನೇ ಸಲ ಬೀರವ್ವನೇ ಮುಳುಗಿದಳು. ಕೆಂಚಿ ಈಜಿ ಬಂದು ಜುಟ್ಟು ಹಿಡಿದು ದಡಕ್ಕೆ ಎಳೆದಳು.

"ಇವಳ ತಲೇಲಿ ಬರೀ ಜೇಡಿಮಣ್ಣು. ನಾಳೆ ಗಂಟುಮೂಟೆ ಕಟ್ಟಲಿ" ಅಂದ ತಿಪ್ಪಯ್ಯ.

ಗುಡ್ಡ ಬಿಟ್ಟು, ಕುರಿ ಬಿಟ್ಟು ಎಲ್ಲಿಗೆ ಹೋಗೋದು? ಬೀರವ್ವ ನೆಟ್ಟಗೆ ರಾಜನ ಮುಂದೆ ನಿಂತಳು.

"ದೊರೆ, ಹೋಗ್ತೀನಿ. ಅದಕ್ಕೂ ಮುಂಚೆ ಗುರುಗಳಿಗೆ ನನ್ನ ವಿದ್ಯೆ ಕಲಿಸ್ತೀನಿ, ಅವರ ಕ್ರಮದಲ್ಲೇ."

ರಾಜ ಒಪ್ಪಿದ. ಅರವತ್ತು ಕುರಿ ತುಂಬಿದ ಹಟ್ಟಿಯೊಳಗೆ ತಿಪ್ಪಯ್ಯನನ್ನು ನೂಕಿ, ಬೀರವ್ವ ಅವನ ಕೈಗೊಂದು ಮರಿ ಕೊಟ್ಟಳು. "ಇದರ ತಾಯಿ ಹತ್ತಿರ ಬಿಡಿ. ನೀವೇ ಕಲಿತ್ಕೊಳ್ಳಿ!"

ಮೊದಲ ಕುರಿ ಒದೀತು. ಎರಡನೇದು ಗುಮ್ಮಿತು. ಮೂರನೇದು ತಾಯಿಯೇ ಅಲ್ಲ, ಟಗರು! ತಿಪ್ಪಯ್ಯ ಹೋಗಿ ಹಿಕ್ಕೆರಾಶಿಗೆ ಬಿದ್ದ.

"ಅಯ್ಯಯ್ಯೋ! ಎಲ್ಲಾ ಒಂದೇ ಥರ ಕಾಣ್ತವೆ! ಒಂದ್ಸಲ ತೋರಿಸಿಕೊಡದೆ ನಂಗೆ ಹೇಗೆ ಗೊತ್ತಾಗುತ್ತೆ?"

ರಾಜ ಹೊಟ್ಟೆ ಹಿಡ್ಕೊಂಡು ನಕ್ಕ. "ನಿನ್ನ ಬಾಯಿಂದಲೇ ಬಂತಲ್ಲೋ ತಿಪ್ಪಯ್ಯ! ತಪ್ಪು ನಂದೂ ಇದೆ. ಊರು ಬಿಡೋ ಮಾತು ರದ್ದು. ಇನ್ಮೇಲೆ ಕೆಂಚಿ ಕಲಿಸಲಿ."

ಕೆಂಚಿ ದಡದ ಹತ್ತಿರವೇ ಹರಿಗೋಲು ಇಳಿಸಿದಳು. ಬೀರವ್ವನ ಕೈ ಮೇಲೆ ಕೈಯಿಟ್ಟು ಹುಟ್ಟು ಹಾಕಿಸಿದಳು. ಎಂಟು ದಿನ ಹೀಗೇ. ಒಂಬತ್ತನೇ ದಿನವೂ "ಎಡಕ್ಕೆ, ಬಲಕ್ಕೆ" ಅಂತಲೇ ಇದ್ದಳು.

"ಸಾಕು ಬಿಡೇ ತಾಯಿ! ನಿನ್ನ ಮಾತು ಕೇಳ್ತಾ ನನ್ನ ಕೈಯೇ ತಪ್ತಾ ಇದೆ" ಅಂದಳು ಬೀರವ್ವ.

ಕೆಂಚಿ ನಗುತ್ತಾ ದಡಕ್ಕೆ ಹಾರಿದಳು. ಬೀರವ್ವ ಒಬ್ಬಳೇ ಹೊಳೆ ದಾಟಿದಳು.

ನೋಡಿ ಮಕ್ಕಳೇ, ಅರಿಯದವರಿಗೆ ಕೈಹಿಡಿದು ಕಲಿಸಬೇಕು, ಅರಿತವರಿಗೆ ಕೈಬಿಟ್ಟು ಕಲಿಸಬೇಕು. ಯಾರಿಗೆ ಎಷ್ಟು ಗೊತ್ತು ಅಂತ ಮೊದಲು ಕೇಳದವನು ಗುರುವೇ ಅಲ್ಲ.